ಹೆಸರಿದ್ದ ಮೂಲೆ

ಅದು 2004ನೇ ಇಸವಿಯ ನವರಾತ್ರಿ. ಖಂಡೆ ಪೂಜೆಯ ದಿನ ಬೆಳಿಗ್ಗೆ, ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಒಬ್ಬ ಮುದುಕರ ಜೀವಮಾನದ ಆಸೆಯನ್ನು ನಾನು ನನ್ನ ಕೈಯಾರೆ ಹಾಳು ಮಾಡಿದೆ. ಮಾಡಿದ್ದು ಮಾತ್ರ ಭಕ್ತಿಯಿಂದ.

ನಾವು ಅಲ್ಲಿಗೆ ಹೋಗಿ ಆಗ ಒಂದೂವರೆ ವರ್ಷವಾಗಿತ್ತು. ನಮ್ಮ ಯಜಮಾನರು ಟೆಲಿಕಾಂ ಎಂಜಿನಿಯರು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಕಾರು ಓಡಿಸಲೂ ಬರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಕಟ್ಟೆಯ ಮೇಲೆ ಕೂತರೆ ಓಣಿಯಲ್ಲಿ ಹಾದುಹೋಗುವವರನ್ನೆಲ್ಲ ಮಾತಾಡಿಸಿಯೇ ಏಳುವ ಹೆಂಗಸು ನಾನು. ಅಲ್ಲಿ ದಿನವಿಡೀ ಬಾಯಿಗೆ ಬೀಗ. ಆ ಬೇಜಾರನ್ನೆಲ್ಲ ರಂಗೋಲಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ. ನೆಲದ ಮೇಲೆ ಹಾಕಿದರೆ ಮ್ಯಾನೇಜರ್ ತಕರಾರು ಮಾಡುತ್ತಾನೆಂದು ಬಾಗಿಲ ಹೊರಗೆ ಒಂದು ಕರಿ ಹಲಗೆ ಇಟ್ಟು ಅದರ ಮೇಲೆ ಹಾಕುತ್ತಿದ್ದೆ.

ಒಂದು ದಿನ ಪಕ್ಕದ ಮನೆಯ ಮುದುಕರು ಅಲ್ಲಿಯೇ ನಿಂತು, ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತರು. ಎಪ್ಪತ್ತೆಂಟು ವರ್ಷದವರು, ಇಟಲಿಯವರು, ಒಬ್ಬರೇ ಇದ್ದರು. ಹೆಸರು ರೆಮೊ. ಕಣ್ಣಿಗೆ ಮಂಜು ಕವಿದಿದ್ದರಿಂದ ಹಲಗೆಯ ಹತ್ತಿರ ಮುಖ ತಂದು, ನನ್ನ ಎಳೆ ಎಲ್ಲಿ ಶುರುವಾಗಿ ಎಲ್ಲಿ ಕೂಡುತ್ತದೆಂದು ಬೆರಳಿನಲ್ಲಿ ಗಾಳಿಯಲ್ಲಿಯೇ ತಿದ್ದಿ ನೋಡಿದರು. ಆಮೇಲೆ ಕೇಳಿದರು:

"ಎಲ್ಲಾ ಸರಿ. ನಿನ್ನ ಸಹಿ ಎಲ್ಲಿ?"

ನನಗೆ ನಗು ಬಂತು. "ರಂಗೋಲಿಗೆ ಯಾರಾದ್ರೂ ಸಹಿ ಹಾಕ್ತಾರಾ? ನಾಳೆ ಅಳಿಸಿ ಬೇರೆ ಹಾಕ್ತೀನಿ."

ಅವರು ನಗಲಿಲ್ಲ. "ನಾನೂ ಇದೇ ಕೆಲಸ ಮಾಡಿದವನು" ಎಂದರು.

ಅವತ್ತಿನಿಂದ ಅವರು ನನಗೆ ಅಜ್ಜ, ನಾನು ಅವರಿಗೆ ಸಿನ್ಯೋರಾ, ಅಂದರೆ ಅವರ ಭಾಷೆಯಲ್ಲಿ ಮೇಡಂ. ಅವರ ಇಂಗ್ಲಿಷ್ ಅರ್ಧ, ನನ್ನದು ಕಾಲು. ಆದರೂ ದಿನಾ ಮಧ್ಯಾಹ್ನ ಎರಡು ತಾಸು ಮಾತಿಗೆ ಕೊರತೆಯಿರಲಿಲ್ಲ. ನಾನು ಅವಲಕ್ಕಿ ಒಗ್ಗರಣೆ ಹಾಕಿಕೊಂಡು ಹೋದರೆ ಅವರು ಕಹಿ ಕಾಫಿ ಮಾಡಿ ಕೊಡುತ್ತಿದ್ದರು. "ಇದು ಕಾಫಿ ಅಲ್ಲ ಅಜ್ಜಾ, ಕಷಾಯ" ಎಂದು ನಾನು ಕಾಡಿಸುತ್ತಿದ್ದೆ. "ಇದು ತಿಂಡಿ ಅಲ್ಲ, ಬೆಂಕಿ" ಎಂದು ಅವರು ಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು.

ಹರೆಯದಲ್ಲಿ ಅವರು ರೋಮ್‌ನಲ್ಲಿ ಸಿನೆಮಾ ಪೋಸ್ಟರ್ ಬರೆಯುತ್ತಿದ್ದರಂತೆ. ಆ ಕಾಲದಲ್ಲಿ ಇಟಲಿಯ ಪೋಸ್ಟರುಗಳೆಲ್ಲ ಮೊದಲು ಕೈಯಲ್ಲಿ ಬರೆದ ಚಿತ್ರಗಳೇ. ಆಳೆತ್ತರದ ಕಾಗದಗಳು ರೋಮ್‌ನ ಗೋಡೆಗಳ ಮೇಲೆಲ್ಲ ಇರುತ್ತಿದ್ದವು, ಜನ ಟ್ರಾಮಿನಿಂದ ಇಳಿದು ನಿಂತು ನೋಡುತ್ತಿದ್ದರು. ತಮಾಷೆಯೆಂದರೆ ಬರೆಯುವವರು ಸಿನೆಮಾ ನೋಡುತ್ತಲೇ ಇರಲಿಲ್ಲ. ಮೂರೋ ನಾಲ್ಕೋ ಕಪ್ಪು-ಬಿಳುಪು ಫೋಟೋ ಕೈಗೆ ಕೊಟ್ಟು, "ಗುರುವಾರ ಬೇಕು" ಎನ್ನುತ್ತಿದ್ದರಂತೆ. ನಾಯಕಿಯ ಸೀರೆ, ಅಲ್ಲಲ್ಲ, ಗೌನು ಕೆಂಪೋ ಹಳದಿಯೋ ಎನ್ನುವುದು ಬರೆಯುವವನ ಮರ್ಜಿ.

"ಮತ್ತೆ ನಿಮ್ಮ ಹೆಸರು ಎಲ್ಲೂ ಇಲ್ವಾ?" ಎಂದು ಕೇಳಿದೆ.

"ಸ್ಟುಡಿಯೋ ಮಾಲೀಕರ ಹೆಸರು ಇದೆ. ನಾವು ಐದು ಜನ ಬರೀತಿದ್ವಿ, ಅವರು ಕೊನೆಗೆ ಬಂದು ಸಹಿ ಹಾಕ್ತಿದ್ರು. ಕೆಟ್ಟವರಲ್ಲ. ಪದ್ಧತಿ ಹಾಗಿತ್ತು."

ಆಮೇಲೆ ಪೋಸ್ಟರಿಗೆ ಫೋಟೋಗಳು ಬಂದವು, ಕುಂಚದವರಿಗೆ ಕೆಲಸ ಹೋಯಿತು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಸಂಬಂಧಿಕರಿದ್ದ ಲಾಸ್ ಏಂಜಲೀಸಿಗೆ ಬಂದ ಅಜ್ಜ ಮನೆಗಳಿಗೆ ಸುಣ್ಣಬಣ್ಣ ಬಳಿದು, ಅಂಗಡಿಗಳ ಬೋರ್ಡು ಬರೆದು ಅವಳನ್ನು ಓದಿಸಿದರು. ಮಗಳು ಕಾರ್ಲಾ ಸ್ಯಾನ್ ಡಿಯೇಗೊದಲ್ಲಿ, ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ವಿಜ್ಞಾನಿ.

ಒಂದು ಮಧ್ಯಾಹ್ನ ಅಜ್ಜ ಮಂಚದ ಕೆಳಗಿನಿಂದ ಕಂದು ಕಾಗದ ಸುತ್ತಿದ ಒಂದು ರಟ್ಟು ತೆಗೆದರು. ಒಳಗೆ ಒಂದು ಪೋಸ್ಟರಿನ ಮೂಲಚಿತ್ರ. ಹಳದಿ ಗೌನಿನ ಹೆಂಗಸು ಮೆಟ್ಟಿಲಿಳಿದು ಓಡುತ್ತ ಹಿಂದಿರುಗಿ ನೋಡುತ್ತಿದ್ದಾಳೆ. ಒಂದು ಕೈ ಕಟಾಂಜನದ ಮೇಲಿದೆ, ಕಿರುಬೆರಳು ಸ್ವಲ್ಪ ಸೊಟ್ಟ. "ಮುಖ ನಾಯಕಿಯದು. ಫೋಟೋದಲ್ಲಿ ಕೈ ಇರಲಿಲ್ಲ. ಕೈ ನನ್ನ ಹೆಂಡತಿಯದು" ಎಂದರು. ಮಗಳು ಹುಟ್ಟಿದ ವಾರ ಸ್ಟುಡಿಯೋಗೆ ಹೋಗಲಾಗದೆ ಮನೆಯಲ್ಲೇ ಕೂತು ಬರೆದದ್ದಂತೆ. ಆ ಖುಷಿಯಲ್ಲಿ ಜೀವಮಾನದಲ್ಲಿ ಒಂದೇ ಒಂದು ಸಲ ತಮ್ಮ ಹೆಸರು ಹಾಕಿದ್ದರು. ಅಚ್ಚಿನಲ್ಲಿ ಆ ಅಂಚನ್ನು ಬಿಟ್ಟು, ಮೇಲೆ ಮಾಲೀಕರ ಹೆಸರು ಹಾಕಿದರು. ಆದರೆ ಮೂಲದಲ್ಲಿ ಹೆಸರು ಉಳಿದಿತ್ತು.

"ನನ್ನ ಕಣ್ಣಿಗೆ ಕಾಣಲ್ಲ. ಬಲಗಡೆ, ಕೆಳಗೆ. ಓದು" ಎಂದು ಉಗುರಿನಿಂದ ತೋರಿಸಿದರು.

ಕಡು ನೀಲಿಯ ನಾಲ್ಕು ಸಣ್ಣ ಇಂಗ್ಲಿಷ್ ಅಕ್ಷರಗಳು. "ರೆಮೊ" ಎಂದು ಓದಿದೆ. ಇನ್ನೊಮ್ಮೆ ಓದಿಸಿದರು. ಶಾಲೆಯಲ್ಲಿ ಮಾಸ್ತರ ಮುಂದೆ ಓದಿದ ಹಾಗೆ ಜೋರಾಗಿ ಓದಿದೆ. ಅಜ್ಜ ತಲೆಯಾಡಿಸಿ ಮತ್ತೆ ಕಾಗದ ಸುತ್ತಿದರು.

ಅದೇ ವರ್ಷ ಸ್ಯಾನ್ ಡಿಯೇಗೊದ ಒಂದು ಗ್ಯಾಲರಿಯವರು ಹಳೆಯ ಇಟಾಲಿಯನ್ ಪೋಸ್ಟರುಗಳ ಪ್ರದರ್ಶನ ಮಾಡುವವರಿದ್ದರು. ಆ ಹಳದಿ ಗೌನಿನ ಪೋಸ್ಟರೂ ಅವರ ಹತ್ತಿರವಿತ್ತು. ಅಜ್ಜ ಮಗಳಿಂದ ಫೋನ್ ಮಾಡಿಸಿದರು. "ಮೂಲಚಿತ್ರ ತನ್ನಿ. ಸಹಿ ಇದ್ದರೆ ನಿಮ್ಮ ಹೆಸರನ್ನೇ ಚಿತ್ರದ ಕೆಳಗೆ ಹಾಕುತ್ತೇವೆ" ಎಂದರು ಅಲ್ಲಿಯ ಮೇಡಂ. ಅಜ್ಜನ ಮರೆವು ಆಗಷ್ಟೇ ಶುರುವಾಗಿತ್ತು. ಒಲೆ ಆರಿಸುವುದನ್ನು ಮರೆಯುತ್ತಿದ್ದರು, ಒಮ್ಮೊಮ್ಮೆ ಮಗಳನ್ನು ಹೆಂಡತಿಯ ಹೆಸರಿನಿಂದ ಕರೆಯುತ್ತಿದ್ದರು. ಕಾರ್ಲಾ ಆ ಚಿತ್ರವನ್ನು ಬಿಚ್ಚಿ ನೋಡಿಯೇ ಇರಲಿಲ್ಲ. ಸಹಿಯ ಕತೆ ಅರ್ಧ ಕನಸೆಂದೇ ಅವಳು ತಿಳಿದಿದ್ದಳು. ಅಜ್ಜನಿಗೂ ಅದು ಗೊತ್ತಿತ್ತು. "ಅವಳು ಅದನ್ನು ಕಣ್ಣಾರೆ ಓದಬೇಕು, ಸಿನ್ಯೋರಾ" ಎನ್ನುತ್ತಿದ್ದರು.

ಗ್ಯಾಲರಿಗೆ ಹೋಗುವುದು ವಿಜಯದಶಮಿಯ ದಿನ ಎಂದಾಯಿತು. ಅದರ ಎರಡು ದಿನ ಮುಂಚೆ ಅಜ್ಜನ ಮನೆಯ ಛಾವಣಿಯಿಂದ ನೀರು ತೊಟ್ಟಿಕ್ಕತೊಡಗಿತು. ಮೇಲಿನ ಮನೆಯ ಪೈಪು ಒಡೆದಿತ್ತು. ಅಜ್ಜ ರಟ್ಟನ್ನು ಎದೆಗವಚಿಕೊಂಡು ನನ್ನ ಬಾಗಿಲಿಗೆ ಬಂದರು.

"ಇದಕ್ಕೆ ನೀರು ತಾಗಬಾರದು. ನಿನ್ನ ಮನೆಯಲ್ಲಿ ಇಟ್ಟುಕೋ."

"ಜೀವ ಹೋದರೂ ತಾಗಗೊಡಲ್ಲ ಅಜ್ಜಾ" ಎಂದೆ. ಹಾಗೆಂದವಳು ನಾನೇ.

ನಮ್ಮ ಕಡೆ ಆಯುಧ ಪೂಜೆಗೆ ಖಂಡೆ ಪೂಜೆ ಎನ್ನುತ್ತೇವೆ. ಮನೆಯಲ್ಲಿ ಕತ್ತಿಯೋ ಕುಡುಗೋಲೋ ಎಲ್ಲಿಂದ ಬರಬೇಕು? ಕಾರಿಗೆ ಲಿಂಬೆಹಣ್ಣು, ಯಜಮಾನರ ಲ್ಯಾಪ್‌ಟಾಪಿಗೆ ಹೂವು, ಕುಕ್ಕರಿಗೆ, ಮಿಕ್ಸರಿಗೆ ವಿಭೂತಿ, ಕುಂಕುಮ. ಪೂಜೆ ಮುಗಿಸಿ ಯಜಮಾನರು ಆಫೀಸಿಗೆ ಹೊರಟರು. ನನ್ನ ಕಣ್ಣು ಗೋಡೆಗೆ ಒರಗಿಸಿಟ್ಟ ರಟ್ಟಿನ ಮೇಲೆ ಬಿತ್ತು. ಪಾಪ, ಅಜ್ಜನಿಗೆ ನಾಳೆ ದೊಡ್ಡ ದಿನ, ಅವರ ಆಯುಧ ಅಂದರೆ ಇದೇ ಅಲ್ಲವೇ, ದೇವಿಯ ಮುಂದಿಟ್ಟರೆ ಒಳ್ಳೆಯದಾಗುತ್ತದೆ ಎನಿಸಿತು. ಬಿಚ್ಚಿ ದೇವರ ಮುಂದೆ ಇಟ್ಟೆ. ಕಾಗದ ಅಂದಮೇಲೆ ನಮ್ಮ ಕೈಗೆ ಒಂದೇ ರೂಢಿ. ಮದುವೆಯ ಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೆ ಅರಿಶಿನ. ಬಟ್ಟಲಲ್ಲಿ ಕಲಸಿದ ಅರಿಶಿನ ಇನ್ನೂ ಹಸಿಯಾಗಿತ್ತು. ಉಂಗುರ ಬೆರಳು ಅದ್ದಿ ಒಂದು, ಎರಡು, ಮೂರು ಮೂಲೆಗೆ ಹಚ್ಚಿದೆ. ನಾಲ್ಕನೆಯದು ಹೆಸರಿದ್ದ ಮೂಲೆ. ಹೆಸರು ಬೆಳಗಲಿ ಎಂದು ಆ ಮೂಲೆಗೆ ಒಂದಿಷ್ಟು ಜಾಸ್ತಿಯೇ ಹಚ್ಚಿದೆ.

ಬೆರಳು ತೆಗೆದರೆ ಬೆರಳ ತುದಿ ನೀಲಿ.

ಬಣ್ಣ ಅಂದರೆ ನನಗೆ ಗೊತ್ತಿದ್ದದ್ದು ಬಾಗಿಲಿಗೆ, ಟ್ರಂಕಿಗೆ ಬಳಿಯುವ ಎಣ್ಣೆ ಬಣ್ಣ. ಅದಕ್ಕೆ ಕೊಡಗಟ್ಟಲೆ ನೀರು ಸುರಿದರೂ ಏನೂ ಆಗುವುದಿಲ್ಲ. ಇದು ನೀರಿನಲ್ಲಿ ಕಲಸಿದ ಬಣ್ಣ, ಐವತ್ತು ವರ್ಷದ ಮೇಲೂ ನೀರು ಸೋಕಿದರೆ ಬಿಡುತ್ತದೆಂದು ನನಗೆ ಎಲ್ಲಿ ಗೊತ್ತು? ಅಯ್ಯೋ ಶಿವನೇ ಎಂದು ಸೆರಗಿನಿಂದ ಒತ್ತಿ ಒರೆಸಿದೆ. ಒರೆಸಿದಷ್ಟೂ ಹರಡಿತು. ನೀಲಿ ಮತ್ತು ಅರಿಶಿನ ಕೂಡಿ ಹಸಿರಾಯಿತು. ನಾಲ್ಕು ಅಕ್ಷರಗಳಿದ್ದಲ್ಲಿ ಒಂದು ವೀಳ್ಯದೆಲೆಯಷ್ಟು ಹಸಿರು ಕಲೆ ಉಳಿಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಆ ಗಾದೆ ಕೇಳಿ ನಾನು ಎಷ್ಟು ಸಲ ನಕ್ಕಿದ್ದೆನೋ!

ಆಗಲೇ ಪಕ್ಕದ ಮನೆಗೆ ಓಡಿ ಹೋಗಿ ಕಾಲು ಹಿಡಿದುಕೊಳ್ಳಬೇಕಿತ್ತು. ಹೋಗಲಿಲ್ಲ. ಈ ದೇಶದಲ್ಲಿ ಸಣ್ಣ ತಪ್ಪಿಗೂ ಕೋರ್ಟಿಗೆ ಎಳೆಯುತ್ತಾರೆ, ಸ್ಯೂ ಮಾಡುತ್ತಾರೆ, ವೀಸಾಕ್ಕೆ ಕುತ್ತು ಬರುತ್ತದೆ ಎಂದು ನಮ್ಮವರ ಮನೆಗಳಲ್ಲಿ ಸದಾ ಮಾತು. ಅದು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಜ್ಜನ ಮುಖ ನೋಡುವ ಧೈರ್ಯವಿರಲಿಲ್ಲ. ಒಣಗಿಸಿ, ಮೊದಲಿನ ಹಾಗೆಯೇ ಕಾಗದ ಸುತ್ತಿ, ದಾರ ಕಟ್ಟಿಟ್ಟೆ. ಮಾಡಿದ ತಪ್ಪಿಗಿಂತ ಆ ದಾರ ಕಟ್ಟಿದ್ದು ದೊಡ್ಡ ತಪ್ಪು.

ಮರುದಿನ ಬೆಳಿಗ್ಗೆ ಕಾರ್ಲಾ ಬಂದಳು. "ಸಿನ್ಯೋರಾನೂ ಬರಬೇಕು, ಅವಳೇ ನನ್ನ ಹೆಸರು ಓದಿದವಳು" ಎಂದು ಅಜ್ಜ ಹಟ ಹಿಡಿದರು. ಕೋಟು ಹಾಕಿ, ಗಡ್ಡ ಬೋಳಿಸಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿದ್ದರು. ತಲೆನೋವು ಎನ್ನೋಣವೆಂದರೆ ಬಾಯಿ ಬರಲಿಲ್ಲ. ಹಿಂದಿನ ಸೀಟಿನಲ್ಲಿ ರಟ್ಟಿನ ಪಕ್ಕ ಕೂತೆ. ನಮ್ಮ ಕಡೆ ಆ ದಿನ ಬನ್ನಿ ಎಲೆ ಕೊಟ್ಟು, ಹಿರಿಯರ ಕಾಲಿಗೆ ಬಿದ್ದು, ಬಂಗಾರದಂಗ ಇರೋಣ ಎನ್ನುತ್ತೇವೆ. ಹಳೆಯ ಜಗಳ, ಹಳೆಯ ತಪ್ಪು ಎಲ್ಲ ಅವತ್ತು ಮನ್ನಾ. ನಾನು ಎರಡೂವರೆ ತಾಸಿನ ದಾರಿಯಲ್ಲಿ ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿದೆ. ಬಲಗಡೆ ಸಮುದ್ರ ಬಂದಾಗ ಅಜ್ಜ ಹಿಂದಿರುಗಿ ನನ್ನ ಕಡೆ ನೋಡಿ ಮಕ್ಕಳ ಹಾಗೆ ನಕ್ಕರು.

ಗ್ಯಾಲರಿಯ ಮೇಡಂ ಒಳ್ಳೆಯವರು. ಬಿಳಿ ಕೈಗವಸು ಹಾಕಿಕೊಂಡು ಕಾಗದ ಬಿಚ್ಚಿದರು. ಚಿತ್ರ ನೋಡಿ ಒಂದು ಕ್ಷಣ ಉಸಿರು ಬಿಗಿಹಿಡಿದರು. ಆಮೇಲೆ ಭೂತಕನ್ನಡಿ ಹಿಡಿದು ಮೂಲೆ ನೋಡಿದರು. ತುಂಬ ಹೊತ್ತು ನೋಡಿದರು.

"ಇಲ್ಲಿ ಸಹಿ ಇಲ್ಲ, ಸರ್. ನೀರು ಬಿದ್ದ ಕಲೆ ಇದೆ. ಮೂಲೆಗಳಲ್ಲೆಲ್ಲ ಏನೋ ಹಳದಿ."

"ಇದೆ. ಬಲಗಡೆ, ಕೆಳಗೆ" ಎಂದರು ಅಜ್ಜ.

ಮೇಡಂ ಕನ್ನಡಿಯನ್ನು ಅಜ್ಜನ ಕೈಗೆ ಕೊಟ್ಟರು. ಅಜ್ಜ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದರು. ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು. ಕಾರ್ಲಾ ಅವರ ಬೆನ್ನ ಮೇಲೆ ಕೈಯಿಟ್ಟು, "ಅಪ್ಪಾ, ಬಹಳ ವರ್ಷ ಆಯ್ತು. ಹಾಕಬೇಕು ಅಂದ್ಕೊಂಡಿರ್ತೀಯ, ಹಾಕಿರಲ್ಲ. ನಿನಗೆ ಈಗೀಗ ಮರೆವು..." ಎಂದಳು. ದನಿಯಲ್ಲಿ ಪ್ರೀತಿಯೇ ಇತ್ತು.

ಅಜ್ಜ ನನ್ನ ಕಡೆ ತಿರುಗಿದರು. "ಸಿನ್ಯೋರಾ, ನೀನು ಓದಿದೆಯಲ್ಲಾ?"

ಹೌದು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ನಾನು ನೆಲ ನೋಡಿದೆ.

ಅಜ್ಜ ಕನ್ನಡಿಯನ್ನು ಮೇಜಿನ ಮೇಲಿಟ್ಟು, "ಹಾಗಾದರೆ ನಾನು ಹಾಕಿರಲಿಲ್ಲವೇನೋ" ಎಂದರು.

ಆ ಮಾತು ಹೇಳುವಾಗ ಅವರ ಮುಖ ಹೇಗಿತ್ತೆಂದು ನಾನು ಬರೆಯಲಾರೆ. ಅವತ್ತು ಅಜ್ಜ ಮಗಳ ಮನೆಯಲ್ಲೇ ಉಳಿದರು. ನಾನು ರೈಲಿನಲ್ಲಿ ಒಬ್ಬಳೇ ವಾಪಸು ಬಂದೆ.

ಅಜ್ಜ ಮರಳಿ ಬರಲಿಲ್ಲ. ಪಕ್ಕದ ಮನೆಯ ಬಾಗಿಲು ಮುಚ್ಚಿಯೇ ಇತ್ತು. ನಾನು ರಂಗೋಲಿ ಹಾಕುವುದನ್ನು ಬಿಟ್ಟೆ. ಹನ್ನೊಂದನೆಯ ದಿನ ಸಂಜೆ ಯಜಮಾನರು ತಟ್ಟೆ ಪಕ್ಕಕ್ಕೆ ಸರಿಸಿ ಕೂತರು.

"ಏನ್ ಆಗೇದ ನಿನಗ? ತಾಟಿನ ಮುಂದ ಕುಂತು ಹಂಗ ಎದ್ದ್ ಹೋಗ್ತಿ. ಊರು ನೆನಪಾಗೇತೇನು?"

"ನಾ ಒಂದ್ ದೊಡ್ಡ ತಪ್ಪ ಮಾಡೀನ್ರೀ" ಎಂದವಳೇ ಅಳಲು ಶುರು ಮಾಡಿದೆ. ಎಲ್ಲ ಹೇಳಿದೆ. ನಮ್ಮವರಿಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ, ಅವತ್ತು ಆಗಲಿಲ್ಲ.

"ಸ್ಯೂ ಮಾಡ್ತಾರಂತ ಅಂಜಿಕೊಂಡ್ ಕುಂತಿದ್ದೇನು? ಮಾಡಿದ್ರ ಮಾಡ್ಲಿ, ಊರಿಗೆ ಹೋಗೂಣು. ಆ ಮನಿಶಾ ತನ್ನ ತಲಿ ಕೆಟ್ಟೈತಿ ಅಂತ ತಿಳ್ಕೊಂಡ್ ಕುಂತಿರ್ತಾನಲ್ಲ, ಅದಕ್ಕೇನ್ ಮಾಡ್ತಿ? ಶನಿವಾರ ಮುಂಜಾನೆ ರೆಡಿ ಆಗು."

ಕಾರ್ಲಾಳ ಮನೆ ಗುಡ್ಡದ ಮೇಲಿತ್ತು. ಬಾಗಿಲು ತೆಗೆದವಳೇ ನನಗೆ ಮೆಲ್ಲಗೆ ಹೇಳಿದಳು: "ಅಪ್ಪ ಪೋಸ್ಟರ್ ವಿಷಯ ಮಾತಾಡ್ತಿಲ್ಲ. ಕುಂಚಗಳನ್ನೆಲ್ಲ ಎಸೆದುಬಿಡು ಅಂತಾರೆ. ರೋಮಿನ ಸ್ಟುಡಿಯೋನೂ ತಮ್ಮ ಕಲ್ಪನೆಯೇ ಇರಬೇಕು ಅಂತಾರೆ."

ಅಜ್ಜ ಹೊರಗೆ ಕುರ್ಚಿಯಲ್ಲಿ, ಮೊಣಕಾಲಿಗೆ ಕಂಬಳಿ ಹೊದ್ದು ಕೂತಿದ್ದರು. ಎರಡು ವಾರದ ಗಡ್ಡ. ನನ್ನನ್ನು ನೋಡಿ "ಸಿನ್ಯೋರಾ" ಎಂದರು, ಅಷ್ಟೇ. ನಾನು ಕಾಲಿನ ಹತ್ತಿರ ನೆಲದ ಮೇಲೆ ಕೂತು, ನನಗೆ ಬಂದ ಇಂಗ್ಲಿಷಿನಲ್ಲಿ, ಬಾರದ ಕಡೆ ಯಜಮಾನರು ಸೇರಿಸುತ್ತ, ಎಲ್ಲ ಹೇಳಿದೆ. ದೇವಿ, ಅರಿಶಿನ, ನಾಲ್ಕು ಮೂಲೆ, ಸೆರಗು, ದಾರ. ಬಯ್ಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿದೆ.

ಅಜ್ಜ ಕೇಳಿದ್ದು ಒಂದೇ ಮಾತು. "ಯಾವ ಬೆರಳು?"

ನಾನು ಉಂಗುರ ಬೆರಳು ತೋರಿಸಿದೆ. ಅದನ್ನು ಹಿಡಿದುಕೊಂಡು ಕಣ್ಣ ಹತ್ತಿರ ತಂದರು.

"ಬೆರಳಿಗೆ ಏನು ಬಣ್ಣ ಬಂತು?"

"ನೀಲಿ, ಅಜ್ಜಾ."

"ಎಂಥ ನೀಲಿ? ತಿಳಿಯೋ, ಕಡುವೋ?"

"ಕಡು ನೀಲಿ. ಶಾಯಿ ಥರ."

ಅಜ್ಜ ನನ್ನ ಬೆರಳನ್ನು ಬಿಡದೆ ಮಗಳ ಕಡೆ ತಿರುಗಿ ಇಟಾಲಿಯನ್ನಿನಲ್ಲಿ ಕೂಗಿದರು. ಏನೆಂದು ನನಗೆ ತಿಳಿಯಲಿಲ್ಲ. ಕಾರ್ಲಾ ಬಾಗಿಲಲ್ಲೇ ಮುಖ ಮುಚ್ಚಿಕೊಂಡಳು. ಆಮೇಲೆ ನಮಗೆ ಹೇಳಿದಳು: "ಇತ್ತು, ಕಾರ್ಲಾ, ಇತ್ತು, ನನಗೆ ಹುಚ್ಚು ಹಿಡಿದಿಲ್ಲ ಅಂತಿದ್ದಾರೆ."

ಅವರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬದಲಿಗೆ "ಗ್ರಾತ್ಸಿಯೆ" ಎಂದರು, ಅವರ ಭಾಷೆಯಲ್ಲಿ ಧನ್ಯವಾದ. ಹಾಳು ಮಾಡಿದವಳಿಗೆ ಧನ್ಯವಾದ! ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ನಾವು ಗ್ಯಾಲರಿಗೆ ಪತ್ರ ಬರೆದೆವು. ನಾನೇ ಹೋಗಿ ನಿಂತು ಸಾಕ್ಷಿ ಹೇಳಿದೆ. ಮೇಡಂ ಪೂರ್ತಿ ಕೇಳಿಸಿಕೊಂಡರು, ನನ್ನ ಕೈ ಹಿಡಿದುಕೊಂಡರು. "ನಾನು ನಂಬ್ತೀನಿ. ಆದರೆ ಕಾಗದದ ಮೇಲೆ ಇಲ್ಲದ್ದನ್ನ ಬರೆಯೋಕೆ ನಮಗೆ ಬರಲ್ಲ" ಎಂದರು. ಮುಂದಿನ ವಸಂತದಲ್ಲಿ ಪ್ರದರ್ಶನವಾಯಿತು. ಅಚ್ಚಾದ ಪೋಸ್ಟರಿನ ಕೆಳಗೆ ಸ್ಟುಡಿಯೋ ಮಾಲೀಕರ ಹೆಸರಿತ್ತು. ಪಕ್ಕದಲ್ಲಿ ಮೂಲಚಿತ್ರ. ಅದರ ಕೆಳಗಿನ ಚೀಟಿಯಲ್ಲಿ "ಚಿತ್ರಕಾರ: ತಿಳಿದಿಲ್ಲ" ಎಂದಿತ್ತು. ಅಜ್ಜ ಕೋಟು ಹಾಕಿಕೊಂಡೇ ಬಂದಿದ್ದರು. ನನ್ನ ತೋಳು ಹಿಡಿದು ಅದರ ಮುಂದೆ ನಿಂತು, "ಏನು ಬರೆದಿದೆ, ಓದು" ಎಂದರು.

ನಾನು ಓದಲಾರದೆ ನಿಂತೆ. ಕಾರ್ಲಾ ಮುಂದೆ ಬಂದು ಆ ಚೀಟಿ ನೋಡುತ್ತಲೇ, ಗಟ್ಟಿಯಾಗಿ, "ರೆಮೊ" ಎಂದು ಓದಿದಳು. ಅಜ್ಜ ತಲೆಯಾಡಿಸಿದರು. ಅವರು ನಂಬಿದರೋ, ಮಗಳ ಸುಳ್ಳು ಗೊತ್ತಾಗಿಯೂ ಸುಮ್ಮನಿದ್ದರೋ, ನನಗೆ ತಿಳಿಯದು. ಆ ವರ್ಷದ ಚಳಿಗಾಲದಲ್ಲಿ ತೀರಿಕೊಂಡರು.

2008ರಲ್ಲಿ ನಾವು ಊರಿಗೆ ಮರಳುವ ಮುಂಚೆ ಕಾರ್ಲಾಳ ಮನೆಗೆ ಹೋಗಿದ್ದೆವು. ಹಳದಿ ಗೌನಿನ ಹೆಂಗಸು ಅಲ್ಲಿ ಗೋಡೆಯ ಮೇಲಿದ್ದಳು. ಫ್ರೇಮ್ ಹಾಕುವವನು ಕಲೆಯಾದ ಮೂಲೆಯನ್ನು ಮುಚ್ಚಿಬಿಡಲೇ ಎಂದು ಕೇಳಿದನಂತೆ. ಬೇಡ ಎಂದಳಂತೆ ಕಾರ್ಲಾ. ಕಟಾಂಜನದ ಮೇಲಿನ ಕೈಯ ಕಿರುಬೆರಳು ಸೊಟ್ಟಗಿತ್ತು. ಕಾಫಿ ಕೊಡಲು ಚಾಚಿದ ಕಾರ್ಲಾಳ ಕಿರುಬೆರಳೂ ಹಾಗೆಯೇ ಇತ್ತು. ಇಷ್ಟು ದಿನ ನಾನು ಗಮನಿಸಿರಲಿಲ್ಲ.

ಈಗ ಹುಬ್ಬಳ್ಳಿಯಲ್ಲಿದ್ದೇನೆ. ಯಾರ ಮನೆಯ ಮದುವೆಯಿದ್ದರೂ ಪತ್ರಿಕೆಗಳಿಗೆ ಅರಿಶಿನ ಹಚ್ಚಲು ಕರೆಯುತ್ತಾರೆ. ನಾನು ಹೋಗಿ ಕೂತು ಹಾಡು ಹೇಳುತ್ತೇನೆ, ಬೆರಳು ಮಾತ್ರ ಅದ್ದುವುದಿಲ್ಲ. ಸೊಕ್ಕು ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಗ್ಯಾಲರಿಯಲ್ಲಿ ಅಜ್ಜ ನನ್ನ ಕಡೆ ತಿರುಗಿ ಕೇಳಿದ ಪ್ರಶ್ನೆಗೆ ನಾನು ನೆಲ ನೋಡಿದೆನಲ್ಲ, ಆ ಉತ್ತರ ಇನ್ನೂ ನನ್ನ ಹತ್ತಿರವೇ ಉಳಿದಿದೆ. ಇಲ್ಲಿ ಬರೆಯುತ್ತಿದ್ದೇನೆ. ಬಲಗಡೆ, ಕೆಳಗೆ, ಕಡು ನೀಲಿಯಲ್ಲಿ, ನಾಲ್ಕು ಅಕ್ಷರ. ರೆಮೊ ಎಂದಿತ್ತು. ಹೌದು ಅಜ್ಜಾ, ನಾನು ಓದಿದ್ದೆ.